ಶೀತಲೀ ಪ್ರಾಣಾಯಾಮ: ತಂಪಾಗುವುದು ನಾಲಗೆಯೋ, ಶರೀರವೋ?

ಕವಲೇದುರ್ಗದ ಕೋಟೆಯನ್ನು ಮಾರ್ಚ್ ತಿಂಗಳ ಮಧ್ಯಾಹ್ನದಲ್ಲಿ ಹತ್ತಿದವರಿಗೆ ಬೆವರೆಂದರೇನೆಂಬುದನ್ನು ಬೇರೆಯಾಗಿ ಹೇಳಿಕೊಡಬೇಕಾಗಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಈ ದುರ್ಗವು ಸಮುದ್ರಮಟ್ಟಕ್ಕಿಂತ ಸುಮಾರು 3000 ಅಡಿ ಎತ್ತರದಲ್ಲಿದೆ. ಕೆಳಗಿನ ಗದ್ದೆಯ ಬದುವಿನ ಮೇಲೆ ಸ್ವಲ್ಪ ದೂರ ನಡೆದು, ಕಲ್ಲು ಹಾಸಿದ ಹಾದಿಯನ್ನು ಏರುತ್ತ, ಒಂದರ ಹಿಂದೊಂದಾಗಿ ಬರುವ ಕೋಟೆಬಾಗಿಲುಗಳನ್ನು ದಾಟಿ ಕಾಶೀವಿಶ್ವನಾಥ ದೇವಾಲಯದ ಮುಂದಿನ ಬಯಲಿಗೆ ಬರುವ ವೇಳೆಗೆ ಅಂಗಿಯು ಬೆನ್ನಿಗೆ ಅಂಟಿಕೊಂಡಿರುತ್ತದೆ. ಕೆಲವು ಕಾಲದ ಹಿಂದೆ ನಾವು ಕಾಲೇಜು ವಿದ್ಯಾರ್ಥಿಗಳ ತಂಡವೊಂದರ ಜೊತೆಯಲ್ಲಿ ಅಲ್ಲಿಗೆ ಹೋಗಿದ್ದೆವು. ತಂಡದ ಅಧ್ಯಾಪಕರೊಬ್ಬರು ಎಲ್ಲರನ್ನೂ ನೆರಳಿನಲ್ಲಿ ಕುಳ್ಳಿರಿಸಿ ಶೀತಲೀ ಪ್ರಾಣಾಯಾಮವನ್ನು ಮಾಡಿಸಿದರು. ಹತ್ತು ನಿಮಿಷಗಳ ಅನಂತರ, "ಈಗ ಹೇಗಿದೆ?" ಎಂದು ಕೇಳಿದಾಗ, "ಮೈಯೆಲ್ಲ ತಣ್ಣಗಾಯಿತು ಸರ್" ಎಂಬ ಉತ್ತರ ಬಂದಿತು. ಒಬ್ಬ ಹುಡುಗಿ ಮಾತ್ರ, "ಸುಮ್ಮನೆ ಕುಳಿತಿದ್ದರೂ ತಣ್ಣಗಾಗುತ್ತಿತ್ತಲ್ಲವೇ ಸರ್?" ಎಂದಳು. ಎಲ್ಲರೂ ನಕ್ಕರು. ಅಧ್ಯಾಪಕರೂ ನಕ್ಕರು. ಪ್ರಶ್ನೆಯು ಅಲ್ಲಿಗೇ ನಿಂತಿತು.

ಅದು ಅಲ್ಲಿಗೇ ನಿಲ್ಲಬೇಕಾದ ಪ್ರಶ್ನೆಯಲ್ಲವೆಂದು ನಮ್ಮ ಅಭಿಪ್ರಾಯ. ಶೀತಲಿಯು ಶರೀರದ ಉಷ್ಣವನ್ನು ಇಳಿಸುತ್ತದೆಂದು ಇಂದು ಶಾಲೆಗಳಲ್ಲಿ ಹೇಳಿಕೊಡಲಾಗುತ್ತಿದೆ, ಕರಪತ್ರಗಳಲ್ಲಿ ಅಚ್ಚಾಗುತ್ತಿದೆ, ಅದರ ಜೊತೆಗೆ ಜ್ವರವನ್ನೂ ಇಳಿಸುತ್ತದೆಂಬ ಮಾತು ಸದ್ದಿಲ್ಲದೆ ಸೇರಿಕೊಳ್ಳುತ್ತಿದೆ. ಮಾತು ನಿಜವಾದರೆ ಅದಕ್ಕೆ ಲೆಕ್ಕ ಸಿಗಬೇಕು. ನಿಜವಲ್ಲದಿದ್ದರೆ ಮಲೆನಾಡಿನಂತಹ ಸೀಮೆಯಲ್ಲಿ ಅದರಿಂದ ಆಗುವ ಹಾನಿಯು ಅಲ್ಪವಲ್ಲ.

ವಿಧಾನವು ಸುಲಭವಾದುದು. ನೆಟ್ಟಗೆ ಕುಳಿತು, ನಾಲಗೆಯ ಎರಡು ಅಂಚುಗಳನ್ನೂ ಮೇಲಕ್ಕೆ ಮಡಿಸಿ ಕೊಳವೆಯಂತೆ ಮಾಡಿ, ತುಟಿಗಳಿಂದ ಸ್ವಲ್ಪ ಹೊರಚಾಚಿ, ಅದರ ಮೂಲಕ ಗಾಳಿಯನ್ನು ನಿಧಾನವಾಗಿ ಒಳಕ್ಕೆ ಸೆಳೆದುಕೊಳ್ಳುವುದು. ಬಾಯಿಯನ್ನು ಮುಚ್ಚಿ, ಮೂಗಿನಿಂದ ಇನ್ನೂ ನಿಧಾನವಾಗಿ ಹೊರಕ್ಕೆ ಬಿಡುವುದು. ನಡುವೆ ಉಸಿರನ್ನು ಹಿಡಿಯುವ ಕುಂಭಕವನ್ನು ಗುರುಮುಖವಾಗಿ ಕಲಿತವರು ಸೇರಿಸುತ್ತಾರೆ. ಸ್ವಾತ್ಮಾರಾಮನು 15ನೆಯ ಶತಮಾನದಲ್ಲಿ ರಚಿಸಿದ ಹಠಯೋಗಪ್ರದೀಪಿಕೆಯ ಎಂಟು ಕುಂಭಕಗಳಲ್ಲಿ ಇದೂ ಒಂದು. ನಾಲಗೆಯು ಮಡಿಚಲು ಬಾರದವರು ಹಲ್ಲುಗಳ ಸಂದಿನಿಂದ ಗಾಳಿಯನ್ನು ಎಳೆಯುವ ಸೀತ್ಕಾರಿಯನ್ನು ಮಾಡುತ್ತಾರೆ. ಅದೂ ಆ ಎಂಟರಲ್ಲಿಯೇ ಸೇರಿದೆ.

ಇಲ್ಲಿ ನಾಲಗೆಯ ವಿಷಯವಾಗಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. ನಾಲಗೆಯನ್ನು ಕೊಳವೆಯಂತೆ ಮಡಿಸುವ ಸಾಮರ್ಥ್ಯವು ಒಂದೇ ಜೀನಿನಿಂದ ಬರುವ ಪ್ರಬಲ ಗುಣವೆಂದು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಓದಿರುತ್ತಾರೆ. ಈ ಮಾತಿಗೆ ಮೂಲವು ಪ್ರಸಿದ್ಧ ತಳಿವಿಜ್ಞಾನಿ ಆಲ್ಫ್ರೆಡ್ ಸ್ಟರ್ಟೆವಂಟ್ 1940ರಲ್ಲಿ ಪ್ರಕಟಿಸಿದ ಲೇಖನ. ಆದರೆ 1952ರಲ್ಲಿ ಮ್ಯಾಟ್ಲಾಕ್ ಎಂಬಾತನು ಏಕರೂಪಿ ಅವಳಿಗಳನ್ನು ಪರೀಕ್ಷಿಸಿದಾಗ, ಒಬ್ಬರು ಮಡಿಸಬಲ್ಲವರಾಗಿದ್ದು ಇನ್ನೊಬ್ಬರು ಮಡಿಸಲಾರದಿದ್ದ ಜೋಡಿಗಳು ಕಂಡುಬಂದುವು. ಒಂದೇ ಜೀನಿನ ಕೆಲಸವಾಗಿದ್ದರೆ ಹಾಗಾಗಬಾರದು. ಸ್ಟರ್ಟೆವಂಟನು ತನ್ನ ಮಾತನ್ನು ತಾನೇ ಹಿಂದಕ್ಕೆ ತೆಗೆದುಕೊಂಡನು. ಕೆಲವು ಪುಸ್ತಕಗಳಲ್ಲಿ ಅದು ಇನ್ನೂ ಸಿದ್ಧ ಸಂಗತಿಯೆಂದು ಉಳಿದಿರುವುದಕ್ಕಾಗಿ 1965ರ ತನ್ನ ಗ್ರಂಥದಲ್ಲಿ ನಾಚಿಕೆಯನ್ನೂ ವ್ಯಕ್ತಪಡಿಸಿದನು. ಪಶ್ಚಿಮದ ವಿಜ್ಞಾನವಾಗಲಿ ಪೂರ್ವದ ಯೋಗವಾಗಲಿ, ಒಮ್ಮೆ ಅಚ್ಚಾದ ಮಾತು ಎಷ್ಟು ಕಾಲ ಬಾಳುತ್ತದೆಂಬುದಕ್ಕೆ ನಾಲಗೆಯೊಂದೇ ಸಾಕು.

ಇನ್ನು ತಂಪಿನ ಲೆಕ್ಕಕ್ಕೆ ಬರೋಣ. ನೀರು ಆವಿಯಾಗುವಾಗ ಉಷ್ಣವನ್ನು ಹೀರಿಕೊಳ್ಳುತ್ತದೆ. ಮೈಯ ಉಷ್ಣತೆಯಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 0.58 ಕಿಲೊಕ್ಯಾಲೊರಿ ಬೇಕು. ಒದ್ದೆಯಾದ ನಾಲಗೆಯ ಮೇಲೆ ಗಾಳಿಯು ಹರಿದಾಗ ಅಲ್ಲಿನ ನೀರು ಆವಿಯಾಗಿ ನಾಲಗೆಯು ತಣ್ಣಗಾಗುತ್ತದೆ. ಇದರಲ್ಲಿ ಸಂದೇಹವೇ ಇಲ್ಲ. ಮಣ್ಣಿನ ಹೂಜಿಯ ನೀರು ತಂಪಾಗುವುದೂ ಇದೇ ನಿಯಮದಿಂದ.

ಶೀತಲಿಯಲ್ಲಿ ಇನ್ನೊಂದು ಸ್ವಾರಸ್ಯವಿದೆ. ಸಾಮಾನ್ಯ ಉಸಿರಾಟದಲ್ಲಿ ಮೂಗು ಬಹು ಜಿಪುಣತನದಿಂದ ವರ್ತಿಸುತ್ತದೆ. ಒಳಕ್ಕೆ ಹೋಗುವ ಗಾಳಿಯು ಮೂಗಿನ ಒಳಪದರವನ್ನು ತಂಪುಮಾಡಿ ಹೋಗಿರುತ್ತದೆ. ಹೊರಕ್ಕೆ ಬರುವ ಬಿಸಿಗಾಳಿಯು ಆ ತಂಪಾದ ಪದರವನ್ನು ಮುಟ್ಟಿ ತಾನು ಹೊತ್ತುತಂದ ನೀರಿನಲ್ಲಿಯೂ ಉಷ್ಣದಲ್ಲಿಯೂ ಒಂದು ಪಾಲನ್ನು ಅಲ್ಲಿಯೇ ಬಿಟ್ಟು ಬರುತ್ತದೆ. ಶೀತಲಿಯಲ್ಲಿ ಗಾಳಿಯು ಬಾಯಿಯಿಂದ ಒಳಹೋಗಿ ಮೂಗಿನಿಂದ ಹೊರಬರುವುದರಿಂದ ಮೂಗಿಗೆ ತಂಪಾಗುವ ಅವಕಾಶವಿಲ್ಲ; ಆದುದರಿಂದ ಹೀಗೆ ಮರಳಿ ಪಡೆಯುವ ಕಾರ್ಯವೂ ಬಹುಮಟ್ಟಿಗೆ ತಪ್ಪುತ್ತದೆ. ಏದುಸಿರು ಬಿಡುವ ನಾಯಿಯು ಮಾಡುವುದೂ ಇದನ್ನೇ, ಆದರೆ ದಿಕ್ಕು ಬೇರೆ. ನಾಯಿಯು ಬಹುಪಾಲು ಗಾಳಿಯನ್ನು ಮೂಗಿನಿಂದ ಎಳೆದು ಬಾಯಿಯಿಂದ ಬಿಡುತ್ತದೆಂದು ಷ್ಮಿಟ್-ನೀಲ್ಸನ್ ಮತ್ತು ಸಂಗಡಿಗರು 1970ರಲ್ಲಿ ತೋರಿಸಿಕೊಟ್ಟರು. ಗಾಳಿಯು ಒಂದೇ ದಿಕ್ಕಿನಲ್ಲಿ ಹರಿದರೆ ಉಷ್ಣವು ಮರಳಿ ಬಾರದು. ಯೋಗಿಯೂ ನಾಯಿಯೂ ಒಂದೇ ಉಪಾಯವನ್ನು ಕಂಡುಕೊಂಡಿರುವರೆಂದರೆ ಯಾರೂ ಬೇಸರಪಡಬೇಕಾಗಿಲ್ಲ, ಉಪಾಯವು ಒಳ್ಳೆಯದೇ.

ಆದರೆ ನಾಯಿಯು ನಿಮಿಷಕ್ಕೆ 300ರಷ್ಟು ಸಲ ಏದುತ್ತದೆ. ಶೀತಲಿಯನ್ನು ಮಾಡುವವನು ನಿಮಿಷಕ್ಕೆ ಐದಾರು ಸಲ ಉಸಿರಾಡುತ್ತಾನೆ. ಭೇದವಿರುವುದು ಇಲ್ಲಿ. 32 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ನೂರಕ್ಕೆ 45ರಷ್ಟು ಆರ್ದ್ರತೆಯಿರುವ ಒಂದು ದಿನವನ್ನು ಭಾವಿಸೋಣ. ಆ ಗಾಳಿಯ ಒಂದು ಘನ ಮೀಟರಿನಲ್ಲಿ ಸುಮಾರು 15 ಗ್ರಾಂ ನೀರಾವಿಯಿರುತ್ತದೆ. ನಾವು ಹೊರಬಿಡುವ, 35 ಡಿಗ್ರಿಯ ತೇವತುಂಬಿದ ಉಸಿರಿನಲ್ಲಿ ಸುಮಾರು 39 ಗ್ರಾಂ. ಉಳಿಯುವ ವ್ಯತ್ಯಾಸ 24 ಗ್ರಾಂ. ನಿಧಾನವಾದ ದೀರ್ಘ ಉಸಿರಾಟದಲ್ಲಿ ನಿಮಿಷಕ್ಕೆ ಏಳೂವರೆ ಲೀಟರು ಗಾಳಿ ಹೋಗಿ ಬರುತ್ತದೆಂದು ಇಟ್ಟುಕೊಂಡರೆ ಹತ್ತು ನಿಮಿಷಗಳಲ್ಲಿ ಶರೀರವು ಕಳೆದುಕೊಳ್ಳುವ ನೀರು 1.8 ಗ್ರಾಂ, ಅದರೊಡನೆ ಹೋಗುವ ಉಷ್ಣ ಸುಮಾರು 1 ಕಿಲೊಕ್ಯಾಲೊರಿ. ಇಷ್ಟರಲ್ಲಿ ಬಹುಪಾಲು ಮೂಗಿನಿಂದ ಉಸಿರಾಡಿಕೊಂಡು ಸುಮ್ಮನೆ ಕುಳಿತಿದ್ದರೂ ಹೋಗುತ್ತಿತ್ತು. ಶೀತಲಿಯಿಂದ ಹೆಚ್ಚಾಗಿ ಹೋದುದು ಕಾಲು ಕಿಲೊಕ್ಯಾಲೊರಿಗಿಂತಲೂ ಕಡಿಮೆ.

ಕುಳಿತಿರುವ ವ್ಯಕ್ತಿಯ ಶರೀರವು ಅದೇ ಹತ್ತು ನಿಮಿಷಗಳಲ್ಲಿ 12 ಕಿಲೊಕ್ಯಾಲೊರಿಗಳಷ್ಟು ಉಷ್ಣವನ್ನು ತಾನೇ ಉತ್ಪಾದಿಸುತ್ತದೆ. 50 ಕಿಲೊಗ್ರಾಂ ತೂಕದ ವಿದ್ಯಾರ್ಥಿಯ ಮೈಯನ್ನು ಒಂದು ಡಿಗ್ರಿ ತಣಿಸಬೇಕಾದರೆ ಸುಮಾರು 41 ಕಿಲೊಕ್ಯಾಲೊರಿ ಹೊರಹೋಗಬೇಕು. ಶೀತಲಿಯ ಹೆಚ್ಚುವರಿ ಕೊಡುಗೆಯು ಒಂದು ಡಿಗ್ರಿಯ ಇನ್ನೂರರಲ್ಲಿ ಒಂದು ಪಾಲು ಎಂದಾಯಿತು. ಒಂದು ಸಣ್ಣ ಚಮಚ ನೀರನ್ನು ತೋಳಿಗೆ ಸವರಿಕೊಂಡು ಗಾಳಿಗೆ ಹಿಡಿದರೆ, ಆ 5 ಗ್ರಾಂ ನೀರು ಆವಿಯಾಗಲು ಸುಮಾರು 3 ಕಿಲೊಕ್ಯಾಲೊರಿ ಬೇಕು. ಅದರಲ್ಲಿ ಬಹುಪಾಲು ಮೈಯಿಂದಲೇ ಹೋಗುತ್ತದೆ. ಕೋಟೆಯ ಕೊಳದ ನೀರಿನಲ್ಲಿ ಕರವಸ್ತ್ರವನ್ನು ಅದ್ದಿ ಕುತ್ತಿಗೆಗೆ ಸುತ್ತಿಕೊಳ್ಳುವ ಹುಡುಗನು ಪ್ರಾಣಾಯಾಮ ಮಾಡುವವನಿಗಿಂತ ಎಷ್ಟೋ ಪಟ್ಟು ಹೆಚ್ಚು ತಂಪನ್ನು ಪಡೆಯುತ್ತಾನೆ.

ಇದು ಕಾಗದದ ಮೇಲಿನ ಲೆಕ್ಕವಾಯಿತು. ಅಳತೆ ಮಾಡಿದವರೂ ಇದ್ದಾರೆ. ಹರಿದ್ವಾರದಲ್ಲಿ ಯೋಗವನ್ನು ಕುರಿತು ಸಂಶೋಧನೆ ನಡೆಸುವ ಶರ್ಲಿ ಟೆಲ್ಲಿಸ್ ಮತ್ತು ಅವರ ಸಹೋದ್ಯೋಗಿಗಳು 2020ರಲ್ಲಿ ಶೀತಲೀ ಮತ್ತು ಸೀತ್ಕಾರಿಗಳ ಸಮಯದಲ್ಲಿ ಶರೀರದ ಉಷ್ಣತೆಯನ್ನೂ ಆಮ್ಲಜನಕದ ಬಳಕೆಯನ್ನೂ ಅಳೆದ ಫಲವನ್ನು ಪ್ರಕಟಿಸಿದರು. ಉಷ್ಣತೆಯು ಇಳಿಯಲಿಲ್ಲ; ಅಲ್ಪಸ್ವಲ್ಪ ಏರಿತು. ಆಮ್ಲಜನಕದ ಬಳಕೆಯೂ ತುಸು ಹೆಚ್ಚಿತು. ಪ್ರಯೋಗಕ್ಕೆ ಒಳಗಾದವರ ಸಂಖ್ಯೆ ದೊಡ್ಡದಲ್ಲ. ಆದರೂ ಯೋಗಕ್ಕೆ ಮೀಸಲಾದ ಸಂಸ್ಥೆಯಿಂದಲೇ, ನಂಬಿಕೆಗೆ ವಿರುದ್ಧವಾದ ಈ ಫಲಿತಾಂಶವು ಮುಚ್ಚುಮರೆಯಿಲ್ಲದೆ ಹೊರಬಂದುದು ನಮಗೆ ಬಹಳ ಮೆಚ್ಚುಗೆಯಾಯಿತು. ಯೋಗವನ್ನು ಉಪಕರಣಗಳ ಮುಂದೆ ಕುಳ್ಳಿರಿಸಿ ನೋಡುವ ಈ ಸಂಪ್ರದಾಯವು ಹೊಸತೇನೂ ಅಲ್ಲ. ಲೋನಾವಳದಲ್ಲಿ ಸ್ವಾಮಿ ಕುವಲಯಾನಂದರು 1924ರಲ್ಲಿಯೇ ಅದಕ್ಕೆ ಅಡಿಗಲ್ಲನ್ನಿಟ್ಟಿದ್ದರು.

ಹಾಗಾದರೆ ಆ ವಿದ್ಯಾರ್ಥಿಗಳು ಸುಳ್ಳು ಹೇಳಿದರೆ? ಖಂಡಿತ ಇಲ್ಲ. ನಮ್ಮ ಬಾಯಿಯಲ್ಲಿಯೂ ಚರ್ಮದಲ್ಲಿಯೂ ತಂಪನ್ನು ಗ್ರಹಿಸುವ ನರತುದಿಗಳಿವೆ. ಅವುಗಳಲ್ಲಿರುವ ಒಂದು ಪ್ರೋಟೀನು ಉಷ್ಣತೆಯು ಇಳಿದಾಗ ತೆರೆದುಕೊಂಡು ಮಿದುಳಿಗೆ ಸುದ್ದಿ ಕಳುಹಿಸುತ್ತದೆ. ಪುದೀನ ಜಾತಿಯ ಗಿಡಗಳಲ್ಲಿರುವ ಮೆಂಥಾಲು ಇದೇ ಪ್ರೋಟೀನನ್ನು ತೆರೆಯುತ್ತದೆ. ಪೆಪ್ಪರ್‌ಮಿಂಟನ್ನು ಚೀಪುವಾಗ ಬಾಯಿಯು ಬೆಚ್ಚಗಿದ್ದರೂ ತಂಪೆನಿಸುವುದು ಇದರಿಂದಲೇ. 2002ರಲ್ಲಿ ಇದನ್ನು ಬೇರೆಬೇರೆಯಾಗಿ ಕಂಡುಹಿಡಿದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಎಂಬವರಿಗೆ, ಉಷ್ಣ ಮತ್ತು ಸ್ಪರ್ಶಗಳ ಗ್ರಾಹಕಗಳನ್ನು ಕುರಿತ ಶೋಧನೆಗಳಿಗಾಗಿ 2021ರ ನೊಬೆಲ್ ಪಾರಿತೋಷಕವು ದೊರೆಯಿತು. ಶೀತಲಿಯಲ್ಲಿ ನಾಲಗೆಯು ನಿಜವಾಗಿಯೂ ತಣ್ಣಗಾಗುತ್ತದೆ; ಮಿದುಳಿಗೆ ತಂಪಿನ ಸುದ್ದಿ ಹೋಗುತ್ತದೆ; ಮನಸ್ಸು ಅದನ್ನು ಇಡೀ ಮೈಗೆ ಹಂಚಿಬಿಡುತ್ತದೆ. ಇದರೊಡನೆ ಕವಲೇದುರ್ಗದ ಬಯಲಿನಲ್ಲಿ ಬೇರೆ ಕಾರಣಗಳೂ ಇದ್ದುವು. ಹತ್ತುವುದನ್ನು ನಿಲ್ಲಿಸಿದೊಡನೆ ಸ್ನಾಯುಗಳ ಉಷ್ಣೋತ್ಪತ್ತಿ ಇಳಿಯಿತು, ನೆರಳು ಸಿಕ್ಕಿತು, ಒದ್ದೆಯಾದ ಅಂಗಿಗೆ ಗುಡ್ಡದ ಗಾಳಿ ತಾಗಿತು. ಆ ಹುಡುಗಿಯ ಪ್ರಶ್ನೆಯಲ್ಲಿ ತಿರುಳಿತ್ತೆಂಬುದು ಈಗ ವಾಚಕರಿಗೆ ತಿಳಿದಿರಬೇಕು.

ಮನಸ್ಸು ಶಾಂತವಾಗುತ್ತದೆಂಬ ಮಾತಾದರೋ ಬೇರೆ. ಅದಕ್ಕೆ ಆಧಾರವು ಗಟ್ಟಿಯಾಗಿದೆ. ಉಸಿರನ್ನು ಒಳಕ್ಕೆ ಎಳೆಯುವಾಗ ಹೃದಯದ ಬಡಿತವು ಸ್ವಲ್ಪ ತೀವ್ರವಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ವೇಗಸ್ ಎಂಬ ನರದ ಹಿಡಿತವು ಸಡಿಲವಾಗಿ ಮತ್ತೆ ಬಿಗಿಯಾಗುವುದು ಇದಕ್ಕೆ ಕಾರಣ. ಉಸಿರಾಟವು ನಿಮಿಷಕ್ಕೆ ಆರರಷ್ಟಾದಾಗ ಈ ಏರಿಳಿತವೂ ರಕ್ತದೊತ್ತಡದ ಸಹಜವಾದ ಅಲೆಗಳೂ ಒಂದಕ್ಕೊಂದು ತಾಳ ಹೊಂದಿಕೊಳ್ಳುತ್ತವೆ. ಇಟಲಿಯ ಲುಚಿಯಾನೊ ಬೆರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ, ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯಾಗಲಿ ಯೋಗದ ಮಂತ್ರವಾಗಲಿ, ಎರಡೂ ಉಸಿರನ್ನು ನಿಮಿಷಕ್ಕೆ ಆರರ ಸಮೀಪಕ್ಕೆ ತರುತ್ತವೆಂದು ತೋರಿಸಿದರು. ಪರೀಕ್ಷೆಯ ಮುನ್ನಾ ದಿನ ಎದೆ ಡವಡವಗುಟ್ಟುವ ವಿದ್ಯಾರ್ಥಿಗೆ ಶೀತಲಿಯಿಂದ ನೆಮ್ಮದಿ ದೊರೆಯುವುದು ಹೀಗೆ. ಆ ಗುಣವು ಉಸಿರಿನ ನಿಧಾನಗತಿಗೆ ಸೇರಿದುದು. ನಾಲಗೆಯ ಕೊಳವೆಗೆ ಅಲ್ಲ. ಆದರೆ ಕಿರಿದಾದ ಕೊಳವೆಯಿಂದ ಗಾಳಿಯನ್ನು ಗಡಿಬಿಡಿಯಲ್ಲಿ ಎಳೆಯಲಾಗದು, ಹಾಗೂ ನಾಲಗೆಯ ತಂಪು ಗಮನವನ್ನು ಉಸಿರಿನ ಮೇಲೆಯೇ ಹಿಡಿದಿಡುತ್ತದೆ. ಆ ಮಟ್ಟಿಗೆ ಪೂರ್ವಿಕರ ಜಾಣ್ಮೆಯನ್ನು ಒಪ್ಪಲೇಬೇಕು.

ಒಂದು ಆಕ್ಷೇಪಣೆಯನ್ನು ನಾವು ನಿರೀಕ್ಷಿಸುತ್ತೇವೆ. ಶಾಸ್ತ್ರದ 'ಶೀತ'ವೆಂಬುದು ಉಷ್ಣಮಾಪಕದ ಶೀತವಲ್ಲ, ಪಿತ್ತವನ್ನು ಶಮನಗೊಳಿಸುವ ಗುಣ, ಎಂದು ಕೆಲವರು ಹೇಳುವರು. ಮಲೆನಾಡಿನ ಮನೆಗಳಲ್ಲಿ ಒಂದೆಲಗದ ತಂಬುಳಿ ತಂಪು, ಪಪ್ಪಾಯಿ ಉಷ್ಣ ಎನ್ನುವಾಗ ಯಾರೂ ಬಟ್ಟಲಿನೊಳಗೆ ಉಷ್ಣಮಾಪಕವನ್ನು ಅದ್ದಿ ನೋಡುವುದಿಲ್ಲ. ಈ ಆಕ್ಷೇಪಣೆಯು ನ್ಯಾಯವಾದುದೇ. ಆದರೆ ಅದನ್ನು ಒಪ್ಪಿದವರು ಕೊನೆಯವರೆಗೂ ಒಪ್ಪಬೇಕು. 'ಶರೀರದ ಉಷ್ಣಾಂಶವು ಇಳಿಯುತ್ತದೆ' ಎಂದು ಬರೆದೊಡನೆ ಮಾತು ತಂಬುಳಿಯ ಬಟ್ಟಲನ್ನು ಬಿಟ್ಟು ಉಷ್ಣಮಾಪಕದ ಅಧಿಕಾರಕ್ಕೆ ಒಳಪಟ್ಟಿತು. ವಿಜ್ಞಾನದ ಭಾಷೆಯ ಗೌರವವು ಬೇಕು, ಅದರ ಪರೀಕ್ಷೆಯು ಬೇಡ ಎಂಬುದು ಸಲ್ಲದು. ಇನ್ನೊಂದು ಕಡೆಯಲ್ಲಿ, ಇದೆಲ್ಲವೂ ಬರೀ ಮೂಢನಂಬಿಕೆಯೆಂದು ಮೂಗುಮುರಿಯುವವರೂ ಉಂಟು. ಅವರೂ ಅಳೆದು ನೋಡಿದವರಲ್ಲ.

ಊರಿನಿಂದ ಊರಿಗೆ ಈ ತಂಪು ಬದಲಾಗುವ ರೀತಿಯೂ ಯೋಚಿಸತಕ್ಕದ್ದು. ಬಳ್ಳಾರಿಯ ಬೇಸಗೆಯಲ್ಲಿ, 40 ಡಿಗ್ರಿಯ ಒಣಗಾಳಿಯಲ್ಲಿ, ಆರ್ದ್ರತೆಯು ನೂರಕ್ಕೆ 20 ಇದ್ದರೆ, ನಾವು ಮೇಲೆ ಕಂಡ 24 ಗ್ರಾಂ ವ್ಯತ್ಯಾಸವು 29 ಗ್ರಾಂ ಆಗುತ್ತದೆ. ಘಟ್ಟದ ಕೆಳಗೆ ಕುಂದಾಪುರದ ಕಡೆ ಮೇ ತಿಂಗಳಲ್ಲಿ, 34 ಡಿಗ್ರಿ ಉಷ್ಣತೆ, ನೂರಕ್ಕೆ 75 ಆರ್ದ್ರತೆಯಿದ್ದರೆ, ಅದು 11 ಗ್ರಾಂಗೆ ಇಳಿದುಹೋಗುತ್ತದೆ. ಸೆಖೆಯಿಂದ ಬೆವರು ಆರದೆ ಜನರು ಒದ್ದಾಡುವ ಜಾಗದಲ್ಲಿಯೇ ಶೀತಲಿಯ ಬಲವು ಅತ್ಯಂತ ಕಡಿಮೆ. ಅಂತರರಾಷ್ಟ್ರೀಯ ಯೋಗದಿನವು 2015ರಿಂದ ಪ್ರತಿವರ್ಷ ಜೂನ್ 21ರಂದು ನಡೆಯುತ್ತಿದೆ. ಆ ವೇಳೆಗೆ ಆಗುಂಬೆಯಿಂದ ಹೊಸನಗರದವರೆಗೆ ಮಳೆ ಹಿಡಿದು ಸೂರಿನಡಿ ಕಂಬಳಿ ಹೊದೆದು ಕುಳಿತುಕೊಳ್ಳುವ ಕಾಲ. ಅಂದು ಮಲೆನಾಡಿನ ಮಕ್ಕಳಿಗೆ ಮೈ ತಂಪುಮಾಡುವ ಪ್ರಾಣಾಯಾಮವನ್ನು ಕಲಿಸುವುದರಲ್ಲಿ ಸ್ವಲ್ಪ ಹಾಸ್ಯವಿದೆ. ಚಳಿಗಾಲದಲ್ಲಿ ಇದನ್ನು ಮಾಡಬಾರದೆಂದು ಯೋಗಗುರುಗಳೇ ಹೇಳುತ್ತಾರೆ.

ಹಾಸ್ಯವಲ್ಲದ ಸಂಗತಿಯನ್ನು ಈಗ ಹೇಳಬೇಕು. ಹಠಯೋಗಪ್ರದೀಪಿಕೆಯು ಶೀತಲಿಯ ಫಲಗಳನ್ನು ಎಣಿಸುವಾಗ ಪಿತ್ತ, ಹಸಿವು, ಬಾಯಾರಿಕೆಗಳ ಜೊತೆಯಲ್ಲಿ ಜ್ವರವನ್ನೂ ವಿಷವನ್ನೂ ಸೇರಿಸುತ್ತದೆ. ಐನೂರು ವರ್ಷಗಳ ಹಿಂದಿನ ಗ್ರಂಥಕಾರನನ್ನು ನಾವು ದೂರುವುದಿಲ್ಲ. ಆದರೆ ಆ ಸಾಲನ್ನು ಇಂದು ಹಾಗೆಯೇ ಎತ್ತಿ ಮಕ್ಕಳ ಕೈಗೆ ಕೊಡುವವರನ್ನು ದೂರುತ್ತೇವೆ. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರೂ ತಾಲ್ಲೂಕುಗಳು ಒಂದು ಕಾಲಕ್ಕೆ ಕೆಳದಿಯ ನಾಯಕರ ಆಳ್ವಿಕೆಯಲ್ಲಿದ್ದುವು; ಅವರ ಕೆಳದಿ, ಬಿದನೂರು, ಕವಲೇದುರ್ಗಗಳು ಕ್ರಮವಾಗಿ ಈ ಮೂರರಲ್ಲಿಯೇ ಇವೆ. ಇಂದು ಈ ತಾಲ್ಲೂಕುಗಳು ಇನ್ನೊಂದು ಹೆಸರಿನಿಂದಲೂ ಒಂದಾಗಿವೆ: ಅದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಈ ರೋಗವು ಉಣ್ಣೆಗಳ ಕಡಿತದಿಂದ ಬರುತ್ತದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಅನೇಕರನ್ನು ಬಲಿತೆಗೆದುಕೊಂಡಿತು. ಚಳಿಗಾಲದಿಂದ ಬೇಸಗೆಯ ಕೊನೆಯವರೆಗೆ, ಜನರು ತರಗೆಲೆ ಗುಡಿಸಲು ಕಾಡಿಗೆ ಹೋಗುವ ಒಣ ತಿಂಗಳುಗಳಲ್ಲಿಯೇ, ಇದರ ಕಾಟವೂ ಹೆಚ್ಚು. ಇದ್ದಕ್ಕಿದ್ದಂತೆ ತೀವ್ರವಾದ ಜ್ವರ, ತಲೆನೋವು, ಮೈಕೈ ನೋವುಗಳಿಂದ ಪ್ರಾರಂಭವಾಗುತ್ತದೆ.

ಜ್ವರವು ಬಿಸಿಲಿನ ಕಾವಿನಂತಹುದಲ್ಲ. ಬಿಸಿಲಿನಲ್ಲಿ ನಡೆದಾಗ ಶರೀರವು ತನ್ನ ಉಷ್ಣವನ್ನು ಹೊರಹಾಕಲು ಹೆಣಗುತ್ತಿರುತ್ತದೆ. ಜ್ವರದಲ್ಲಿಯಾದರೋ ಮಿದುಳಿನ ಹೈಪೊಥಲಾಮಸ್ ಎಂಬ ಭಾಗವು ಉಷ್ಣತೆಯ ಗುರಿಯನ್ನೇ ಮೇಲಕ್ಕೆ ಏರಿಸಿರುತ್ತದೆ. ಆದುದರಿಂದಲೇ ಮೈ ಸುಡುತ್ತಿದ್ದರೂ ರೋಗಿಯು ಚಳಿಯೆಂದು ನಡುಗುತ್ತ ಹೊದಿಕೆಯನ್ನು ಕೇಳುತ್ತಾನೆ. ಅಂತಹ ಶರೀರಕ್ಕೆ ನಾಲಗೆಯ ಮೇಲಿನ ಕಾಲು ಕಿಲೊಕ್ಯಾಲೊರಿಯ ತಂಪು ಯಾವ ಲೆಕ್ಕ? ಕಾಡಂಚಿನ ಊರಿನ ಹುಡುಗನೊಬ್ಬನು ಜ್ವರ ಬಂದಾಗ ಎರಡು ದಿನ ಪ್ರಾಣಾಯಾಮ ಮಾಡಿ ನೋಡೋಣವೆಂದು ಆಸ್ಪತ್ರೆಗೆ ಹೋಗುವುದನ್ನು ತಡಮಾಡಿದರೆ ಆ ಎರಡು ದಿನಗಳನ್ನು ಅವನಿಗೆ ಯಾರೂ ಹಿಂದಕ್ಕೆ ಕೊಡಲಾರರು. ನಾಗರವೋ ಕೊಳಕುಮಂಡಲವೋ ಕಚ್ಚಿದಾಗ ಎರಡು ದಿನಗಳ ಮಾತೇ ಇಲ್ಲ. ಗಂಟೆಗಳೊಳಗೆ ಪ್ರತಿವಿಷದ ಚುಚ್ಚುಮದ್ದು ಸಿಗಬೇಕು. ಬಿಸಿಲಿನ ಹೊಡೆತದಿಂದ ಪ್ರಜ್ಞೆ ತಪ್ಪುವಂತಾದವನಿಗೂ ಬೇಕಾದುದು ಮೈಮೇಲೆ ನೀರು, ಬೀಸುವ ಗಾಳಿ, ವೈದ್ಯರ ನೆರವು. ಇವಿಷ್ಟನ್ನು ಶೀತಲಿಯನ್ನು ಕಲಿಸುವ ಪ್ರತಿಯೊಬ್ಬ ಅಧ್ಯಾಪಕರೂ ಅದೇ ಪಾಠದಲ್ಲಿ, ಅದೇ ಉಸಿರಿನಲ್ಲಿ ಹೇಳಬೇಕೆಂದು ನಾವು ಒತ್ತಾಯಿಸುತ್ತೇವೆ. ಬಾಯಿಯಿಂದ ಎಳೆದ ಗಾಳಿಯು ಮೂಗಿನ ಸೋಸುವಿಕೆಯನ್ನು ತಪ್ಪಿಸಿಕೊಂಡು ಒಳಹೋಗುವುದರಿಂದ ಧೂಳಿನಲ್ಲಿ ಇದನ್ನು ಮಾಡಬಾರದು. ಗೂರಲಿರುವವರು ವೈದ್ಯರನ್ನು ಕೇಳದೆ ಮಾಡಬಾರದು. ರಕ್ತದೊತ್ತಡವಿರುವವರು ಉಸಿರನ್ನು ಬಿಗಿಹಿಡಿಯಬಾರದು.

ಶೀತಲಿಯನ್ನು ಶಾಲೆಗಳಿಂದ ತೆಗೆದುಹಾಕಬೇಕೆಂದು ನಾವು ಹೇಳುತ್ತಿಲ್ಲ. ಟಿ. ಕೃಷ್ಣಮಾಚಾರ್ಯರು ತಮ್ಮ ಯೋಗಮಕರಂದವನ್ನು ಕನ್ನಡದಲ್ಲಿ ಬರೆದು, 1934ರಲ್ಲಿ ಅದು ಅಚ್ಚಾದಂದಿನಿಂದ ಈ ವಿದ್ಯೆಯು ನಮ್ಮ ನುಡಿಯಲ್ಲಿಯೇ ದೊರೆಯುತ್ತಿದೆ; ಅದು ಮುಂದುವರಿಯಲಿ. ಆದರೆ ಅದನ್ನು ವ್ಯಾಯಾಮದ ತರಗತಿಯಿಂದ ಒಂದು ದಿನದ ಮಟ್ಟಿಗೆ ವಿಜ್ಞಾನದ ತರಗತಿಗೆ ಕರೆತರಬೇಕು. ಪ್ರಯೋಗಕ್ಕೆ ದೊಡ್ಡ ಸಲಕರಣೆಗಳು ಬೇಕಿಲ್ಲ. ಔಷಧದ ಅಂಗಡಿಯಲ್ಲಿ ಸಿಗುವ ಜ್ವರಮಾಪಕಗಳು ನಾಲ್ಕಾರು ಸಾಕು. ತರಗತಿಯನ್ನು ಚೀಟಿ ಎತ್ತಿ ಎರಡು ಪಾಲು ಮಾಡಿ, ಎಲ್ಲರೂ ಅರ್ಧ ಗಂಟೆ ನೆರಳಿನಲ್ಲಿ ಕುಳಿತ ಅನಂತರ ಒಂದು ಪಾಲು ಹತ್ತು ನಿಮಿಷ ಶೀತಲಿಯನ್ನು ಮಾಡಲಿ, ಇನ್ನೊಂದು ಪಾಲು ಸುಮ್ಮನೆ ಕುಳಿತಿರಲಿ. ಮೊದಲೂ ಕೊನೆಗೂ ಉಷ್ಣತೆಯನ್ನು ಕಂಕುಳಲ್ಲಿ ಅಳೆಯಬೇಕು. ನಾಲಗೆಯ ಕೆಳಗೆ ಇಡಲೇಬಾರದು. ಅಲ್ಲಿ ಇಟ್ಟರೆ ಮಾಪಕವು ತಂಪಾದ ನಾಲಗೆಯನ್ನು ಅಳೆದು, ಶರೀರವೇ ತಂಪಾಯಿತೆಂದು ಸಾಕ್ಷಿ ಹೇಳಿಬಿಡುತ್ತದೆ. ಬೇಕಿದ್ದರೆ ಎರಡು ಕಡೆಯೂ ಅಳೆದು ಪಕ್ಕಪಕ್ಕದಲ್ಲಿ ಬರೆದಿಡಬಹುದು. ನಾಡಿಯ ಬಡಿತವನ್ನೂ ಎಣಿಸಿ ಬರೆಯುವುದು ಒಳ್ಳೆಯದು. ನಮ್ಮ ಊಹೆಯಂತೆ ಕಂಕುಳಿನ ಅಂಕಣಕ್ಕಿಂತ ಆ ಅಂಕಣದಲ್ಲಿಯೇ ನೋಡತಕ್ಕ ವ್ಯತ್ಯಾಸ ಕಂಡೀತು.